ಸೈರನ್ನಿಗಿಂತ ಕೆಳಗೆ ಹಾಡಿದ ವರ್ಷ

ನನ್ನ ಗಂಟಲು ಕೆಟ್ಟಿದೆ ಎಂದು ಮೊದಲು ಹೇಳಿದ್ದು ದೋಣಿಮಲೈ ಗಣಿಯ ಸೈರನ್. ಡಾಕ್ಟರು ಹೇಳಿದ್ದು ಆಮೇಲೆ. ಹೆಂಡತಿಗೂ ಗೆಳೆಯರಿಗೂ ಅದಕ್ಕೂ ಮೊದಲೇ ಗೊತ್ತಿತ್ತು, ಆದರೆ ಅವರು ಬಾಯಿ ಬಿಡಲಿಲ್ಲ. ಗಂಟಲಿನ ಕ್ಯಾನ್ಸರ್ ಬಂದು, ಚಿಕಿತ್ಸೆ ಮುಗಿಸಿ, ಈಗ ಅರೆಬರೆ ಧ್ವನಿಯಲ್ಲಿ ಓಡಾಡಿಕೊಂಡಿರುವ ನಾನು ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೆವರುತ್ತಿರುವ ಯಾರಿಗಾದರೂ ಜೊತೆಯಾದೀತೇನೋ ಎಂದು. ವೈದ್ಯಶಾಸ್ತ್ರ ನನಗೆ ತಿಳಿಯದು. ಭಯ ಮಾತ್ರ ಚೆನ್ನಾಗಿ ಗೊತ್ತು.

ನಾನು ಬಸವರಾಜ. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ, ರಿಟೈರ್ ಆದ ಮೇಲೆ ಹೊಸಪೇಟೆಯಲ್ಲಿ ಮನೆ ಮಾಡಿದ್ದೇನೆ. ಇದು ಹೊಟ್ಟೆಪಾಡಿನ ಪರಿಚಯ. ನನ್ನನ್ನು ಕೇಳಿದರೆ ನಾನು ರಾಕ್ ಬ್ಯಾಂಡಿನ ಹಾಡುಗಾರ. ನಗುವವರು ಈಗಲೇ ನಕ್ಕುಬಿಡಿ. ಅರವತ್ತು ದಾಟಿದ, ಬೋಳುತಲೆಯ, ಮೊಣಕಾಲು ನೋವಿನ ಫಿಟ್ಟರೊಬ್ಬ ಕರಿ ಟೀಶರ್ಟ್ ಹಾಕಿಕೊಂಡು ಮೈಕ್ ಹಿಡಿದು ಕೂಗುವುದು ನೋಡಲು ಹೇಗಿರುತ್ತದೆ ಎಂದು ನನಗೂ ಗೊತ್ತಿದೆ. ಕನ್ನಡಿ ನಮ್ಮ ಮನೆಯಲ್ಲೂ ಇದೆ.

ಬ್ಯಾಂಡು ಹುಟ್ಟಿದ್ದು ದೋಣಿಮಲೈಯ ಕ್ವಾರ್ಟರ್ಸಿನಲ್ಲಿ. ನಾವು ಆಗ ಹುಡುಗರು. ಕೇರಳದ ಕಡೆಯ ಇಂಜಿನಿಯರೊಬ್ಬರ ಕ್ಯಾಸೆಟ್‌ಗಳನ್ನು ಕೇಳಿ ಕೇಳಿ ತಲೆ ಕೆಡಿಸಿಕೊಂಡೆವು. ಕಂಪ್ಲಿಯಿಂದ ವೈರಿಂಗ್ ಕೆಲಸಕ್ಕೆ ಬಂದಿದ್ದ ಖಾಜಾ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡಿ ನುಡಿಸಲು ಕಲಿತ. ಸಂಡೂರಿನ ತಿಪ್ಪೇಸ್ವಾಮಿ ಕಂಪನಿ ಬಸ್ಸಿನ ಡ್ರೈವರು. ಅವನು ಡ್ರಮ್ ಹಿಡಿದ. ಇಂಗ್ಲಿಷ್ ಹಾಡುಗಳ ಅರ್ಥ ಪೂರ್ತಿ ಆಗುತ್ತಿರಲಿಲ್ಲ, ಹಾಗಾಗಿ ನಮ್ಮದೇ ಹಾಡು ಕಟ್ಟಿಕೊಂಡೆವು. ಲಾರಿ, ಕೆಂಪು ಧೂಳು, ನೈಟ್ ಶಿಫ್ಟಿನ ನಿದ್ದೆಗಣ್ಣು, ಎಲ್ಲದರ ಮೇಲೂ ಹಾಡಿತ್ತು.

ಆಗ ನಮ್ಮ ಬಳಿ ಶ್ರುತಿ ನೋಡುವ ಯಂತ್ರ ಇರಲಿಲ್ಲ. ಖಾಜಾ ಮಧ್ಯಾಹ್ನದ ಪಾಳಿ ಬದಲಾಗುವ ಸೈರನ್ನಿಗೆ ಗಿಟಾರಿನ ತಂತಿ ಹೊಂದಿಸುತ್ತಿದ್ದ. ಸೈರನ್ ಏರುತ್ತಾ ಹೋಗಿ ಮೇಲೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಆ ನಿಂತ ಸ್ವರವೇ ನಮ್ಮ ಬ್ಯಾಂಡಿನ ಶ್ರುತಿ. ಮುಂದೆ ಊರೂರಿಗೆ ಹೋದಾಗಲೂ ಖಾಜಾ ಅದನ್ನು ತಲೆಯಲ್ಲೇ ಇಟ್ಟುಕೊಂಡು ತಂತಿ ಬಿಗಿಯುತ್ತಿದ್ದ, ಉಳಿದವರು ಅವನಿಗೆ ಹೊಂದಿಕೊಳ್ಳುತ್ತಿದ್ದರು. ಅವನು ತಂತಿ ಬಿಗಿಯುವಾಗ ಯಾರೂ ಮಾತಾಡಬಾರದು, ಯಾರೂ ಏನೂ ಕೇಳಬಾರದು. ಅದು ನಮ್ಮೊಳಗಿನ ಕಟ್ಟಳೆ.

ರಿಟೈರ್ ಆದ ಮೇಲೆ ಹಂಪಿ ಕಡೆಯ ರೆಸಾರ್ಟುಗಳಲ್ಲಿ ಆಗಾಗ ನುಡಿಸುತ್ತಿದ್ದೆವು. ಪ್ರವಾಸಿಗಳಿಗೆ ಮುದುಕರ ರಾಕ್ ಬ್ಯಾಂಡ್ ಎಂದರೆ ಒಂದು ಮೋಜು. ನನಗೆ ಅದು ಮೋಜಾಗಿರಲಿಲ್ಲ, ಉಸಿರಾಗಿತ್ತು. ಧ್ವನಿ ಸ್ವಲ್ಪ ಗೊಗ್ಗರಾಗಿದೆ ಎನಿಸುತ್ತಿತ್ತು. ಚಹಾ ಹೆಚ್ಚಾಯಿತು, ಧೂಳು ಹೆಚ್ಚಾಯಿತು, ಎಂದು ಒಂದೊಂದು ದಿನ ಒಂದೊಂದು ನೆಪ ಹೇಳಿಕೊಂಡೆ. ಹಾಡುವಾಗ ಮೇಲಿನ ಸ್ವರ ಸಲೀಸಾಗಿ ಮುಟ್ಟುತ್ತಿತ್ತು. ಮುಟ್ಟುತ್ತಿದೆ ಎಂದ ಮೇಲೆ ಗಂಟಲಿಗೆ ಏನಾಗಿದೆ? ಹುಲಿಯ ಹಾಗೆ ಇದೆ ಎಂದು ಬೀಗುತ್ತಿದ್ದೆ.

ಆಮೇಲೆ ಒಂದು ದಿನ ದೋಣಿಮಲೈಯಲ್ಲಿ ಹಳೆಯ ನೌಕರರೆಲ್ಲ ಸೇರಿದ್ದರು. ಊಟ ಮುಗಿದ ಮೇಲೆ ನಮ್ಮ ಹಾಡು. ಎರಡನೆಯ ಹಾಡಿನ ನಡುವೆ ಪಾಳಿಯ ಸೈರನ್ ಎದ್ದಿತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು, ಏಕೆಂದರೆ ನಮ್ಮ ಹಾಡು ಸೈರನ್ನಿನ ಜೊತೆ ಬೆರೆಯುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಸೈರನ್ ಏರಿ ಏರಿ ಮೇಲೆ ನಿಂತಿತು. ನಾನು ಅದಕ್ಕಿಂತ ಕೆಳಗಿದ್ದೆ. ನಾನೊಬ್ಬನೇ ಅಲ್ಲ, ಗಿಟಾರು, ಇಡೀ ಬ್ಯಾಂಡು ಕೆಳಗಿತ್ತು. ಹಲ್ಲು ಜುಮ್ಮೆನ್ನುವಂಥ ಅಪಸ್ವರ. ನಾನು ಹಾಡು ನಿಲ್ಲಿಸಿ ಖಾಜಾನ ಕಡೆ ತಿರುಗಿದೆ. ಅವನು ತಲೆ ಬಗ್ಗಿಸಿ ನುಡಿಸುತ್ತಲೇ ಇದ್ದ. ತಿಪ್ಪೇಸ್ವಾಮಿಯೂ ನನ್ನ ಮುಖ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಗಿರಿಜಾ ಸೆರಗಿನ ಅಂಚು ನೋಡುತ್ತಾ ಕೂತಳು.

ಕಾರ್ಯಕ್ರಮ ಹೇಗೋ ಮುಗಿಸಿ ವೇದಿಕೆಯ ಹಿಂದಿದ್ದ ಶಾಲೆಯ ಕೋಣೆಗೆ ಹೋಗಿ ಖಾಜಾನ ಕೊರಳಪಟ್ಟಿ ಹಿಡಿದೆ ಎಂದೇ ಹೇಳಬೇಕು. ಅವನು ಬಿಡಿಸಿಕೊಳ್ಳಲಿಲ್ಲ.

"ನಿನ್ನ ಗಂಟಲ ಮ್ಯಾಲೆ ಹೋಗವಲ್ದು ಬಸು," ಎಂದ. "ಜನರ ಮುಂದ ನೀ ಒದ್ದಾಡೂದು ನನಗ ನೋಡಾಕ ಆಗಲಿಲ್ಲ. ಅದಕ್ಕ ತಂತಿ ಇಳಿಸಿದೆ. ಸ್ವಲ್ಪ ಸ್ವಲ್ಪಾನ ಇಳಿಸ್ಕೋತ ಬಂದೆ."

ಎಲ್ಲರಿಗೂ ಗೊತ್ತಿತ್ತು. ಗಿರಿಜಾಗೂ. ನನ್ನ ಸಲೀಸು, ನನ್ನ ಹುಲಿ ಗಂಟಲು, ಎಲ್ಲ ಖಾಜಾನ ಬೆರಳಿನ ದಾನ. ನಾನು ಯಾರಿಗೂ ಕಾಯದೆ ಬಸ್ ಹತ್ತಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಮಾಳಿಗೆ ಹತ್ತಿ, ಹಳೆಯ ಶ್ರುತಿಯಲ್ಲಿ ಒಂದು ಸಾಲು ಹಾಡಿ ತೋರಿಸುತ್ತೇನೆ, ಇವರಿಗೆಲ್ಲ ಮಂಗಳಾರತಿ ಮಾಡುತ್ತೇನೆ ಎಂದುಕೊಂಡು ಬಾಯಿ ತೆರೆದೆ. ಸ್ವರ ಅರ್ಧಕ್ಕೆ ಹೋಗಿ ನಿಂತಿತು. ಮೇಲೆ ಬರೀ ಗಾಳಿ. ಮತ್ತೆ ಪ್ರಯತ್ನಿಸಿದೆ, ಮತ್ತೆ ಗಾಳಿ. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದರು. ಸಿಟ್ಟು ಎಲ್ಲಿ ಹೋಯಿತೋ, ಹೆದರಿಕೆ ಹೊಕ್ಕಿತು. ಕೆಳಗಿಳಿದು ಗಿರಿಜಾಗೆ, ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವಳು ಆಗಲೇ ಸೀರೆ ಬದಲಿಸಿ ಕೂತಿದ್ದಳು.

ಹೊಸಪೇಟೆಯ ಕಿವಿ-ಮೂಗು-ಗಂಟಲಿನ ಕ್ಲಿನಿಕ್ಕಿನಲ್ಲಿ ಕಿವಿ ಸೋರುವ ಮಕ್ಕಳು, ಮೂಗು ಕಟ್ಟಿದವರು, ನಡುವೆ ನಾನು. ಟಿವಿಯಲ್ಲಿ ಏನೋ ಅಡುಗೆ ಕಾರ್ಯಕ್ರಮ. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಖಾಜಾ ಕೂತಿದ್ದ. ಕರೆದವರು ಯಾರು ಎಂದು ನಾನು ಗಿರಿಜಾಳನ್ನು ಕೇಳಲಿಲ್ಲ. ಅವನೂ ಹತ್ತಿರ ಬರಲಿಲ್ಲ.

ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ನೋಡುವಾಗ ಅವರ ಮುಖ ಒಂದು ಚೂರು ಬದಲಾಯಿತು. ಆ ಬದಲಾವಣೆಯನ್ನು ಕಂಡವರಿಗೇ ಗೊತ್ತು. ಧ್ವನಿ ಎಂದಿನಿಂದ ಹೀಗಿದೆ ಎಂದು ಕೇಳಿದರು. ಒಂದೆರಡು ತಿಂಗಳಾಗಿರಬೇಕು ಎಂದೆ. ಅವರು ಗಿರಿಜಾಳ ಕಡೆ ನೋಡಿದರು. ಅವಳು ಎದ್ದು ಹೋಗಿ ಖಾಜಾನನ್ನು ಕರೆತಂದಳು.

ಖಾಜಾ ಕೈಕಟ್ಟಿ ನಿಂತು ಹೇಳಿದ: "ಹೋದ ವರ್ಷ ಉಗಾದಿ ಆದ ಮ್ಯಾಲೆ ಮೊದಲನೇ ಸಲ ಅರ್ಧ ಸ್ವರ ಇಳಿಸಿದೆ ಡಾಕ್ಟ್ರೇ. ಮಳಿಗಾಲದಾಗ ಇನ್ನರ್ಧ. ದೀಪಾವಳಿ ಮುಂದ ಮತ್ತ ಇಳಿಸಬೇಕಾತು."

ಡಾಕ್ಟರು ಅದನ್ನೆಲ್ಲ ಬರೆದುಕೊಂಡರು. ನನ್ನ ಗಂಟಲಿನ ಚರಿತ್ರೆ ನನ್ನ ಬಳಿ ಇರಲಿಲ್ಲ, ಖಾಜಾನ ಬೆರಳಲ್ಲಿ ಇತ್ತು. ಧ್ವನಿತಂತುವಿನ ಮೇಲೆ ಏನೋ ಬೆಳೆದಿದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಸುಮ್ಮನೆ ಬಿಡುವಂಥದ್ದಲ್ಲ ಎಂದರು.

ಚೂರು ತೆಗೆದ ಮೇಲೆ ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ಏನು ಹೇಳಲಿ? ಊಟ ಸೇರಲಿಲ್ಲ. ಫೋನ್ ರಿಂಗಾದರೆ ಎದೆ ಧಸಕ್ ಎನ್ನುತ್ತಿತ್ತು, ಆಗದಿದ್ದರೆ ಇನ್ನೂ ಹೆಚ್ಚು. ಸುದ್ದಿ ಬುಕ್ಕಸಾಗರದ ಅತ್ತೆಯವರಿಗೆ ಮುಟ್ಟಿತು. ಅವರು ಹೊಸ ಅಕ್ಕಿ ಹೊರಿಸಿಕೊಂಡು ಬಂದು ಗಂಜಿ ಮಾಡಿಕೊಟ್ಟರು, ಜೊತೆಗೆ ತೀರ್ಪನ್ನೂ ಕೊಟ್ಟರು. "ಒದರಿ ಒದರಿ ಬಂದೈತಿ ಅಳಿಯಾರ. ಈ ವಯಸ್ಸಿನಾಗ ಭಜನಿ ಹಾಡೂದು ಬಿಟ್ಟು ಅದೇನ ಕುಣಿತ?" ನೆಂಟರೆಲ್ಲ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಹೋದರು. ಧೂಳು ಎಂದವರಿದ್ದರು, ಒಗ್ಗರಣೆ ಮಂಡಕ್ಕಿ ಜೊತೆ ತಿಂದ ಮಿರ್ಚಿ ಎಂದವರಿದ್ದರು. ನಾನು ಹಿಂದೆ ಸೇದುತ್ತಿದ್ದ ಸಿಗರೇಟಿನ ಮಾತು ಮಾತ್ರ ಯಾರೂ ಎತ್ತಲಿಲ್ಲ, ಹೇಳಿದವರೆಲ್ಲ ಸೇದುವವರೇ ಆಗಿದ್ದರು.

ಫಲಿತಾಂಶ ಬಂತು. ಕ್ಯಾನ್ಸರ್. ತೀರ ತಡವಾಗಿಲ್ಲ, ಆದರೆ ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಆ "ಆದರೆ" ನನ್ನ ತಲೆಯಲ್ಲಿ ಮೊಳೆಯ ಹಾಗೆ ಕೂತಿತು. ಹೊರಗೆ ಬಂದಾಗ ಖಾಜಾ ಗೋಡೆಗೆ ಒರಗಿ ನಿಂತಿದ್ದ. "ನಾ ಇಳಿಸದ ಇದ್ದಿದ್ರ ನೀ ಅವಾಗ್ಲೇ ಡಾಕ್ಟರ ಕಡೆ ಹೋಗ್ತಿದ್ದಿ," ಎಂದ. ಕಣ್ಣು ಕೆಂಪಾಗಿತ್ತು. ಹಾಗಲ್ಲ ಬಿಡೋ ಎಂದು ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಅವನು ಹೇಳಿದ್ದು ನಿಜವೇ ಇತ್ತು. ಆದರೆ ಅವನು ಇಳಿಸಿದ್ದು ಪ್ರೀತಿಗೆ ಎನ್ನುವುದೂ ಅಷ್ಟೇ ನಿಜ. ಪ್ರೀತಿ ಮಾಡುವವರ ಮೇಲೆ ಸಿಟ್ಟು ಮಾಡುವುದು ಎಷ್ಟು ಸಂಕಟ ಎಂದು ಆಗ ತಿಳಿಯಿತು.

ಚಿಕಿತ್ಸೆ ಹುಬ್ಬಳ್ಳಿಯಲ್ಲಿ, ದಿನಾ ರೇಡಿಯೇಶನ್. ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿದು ನಾನು, ಗಿರಿಜಾ ಇದ್ದೆವು. ಮುಖಕ್ಕೆ ಒಂದು ಬಲೆಯಂಥ ಮುಖವಾಡ ಮಾಡಿಸಿ, ಅದನ್ನು ಹಾಕಿ ಮೇಜಿಗೆ ಬಿಗಿದು, ಎಲ್ಲರೂ ಕೋಣೆಯಿಂದ ಹೊರಗೆ ಹೋಗುತ್ತಾರೆ. ಅಲುಗಾಡುವಂತಿಲ್ಲ, ನುಂಗಲೂ ಭಯ. ನೋವೇನೂ ಇಲ್ಲ. ಆದರೆ ಬಾಗಿಲು ಮುಚ್ಚಿದಾಗ ಒಬ್ಬನೇ ಉಳಿಯುತ್ತೇನಲ್ಲ, ಆ ಸದ್ದಿಗೆ ಪ್ರತಿ ಸಲವೂ ಬೆನ್ನು ಬೆವರುತ್ತಿತ್ತು. ಮೊದಲ ವಾರ ಮನೆದೇವರನ್ನು ನೆನೆದೆ. ಆಮೇಲೆ ದೇವರಿಗೂ ಬೇಜಾರಾದೀತು ಎಂದು ತಿಪ್ಪೇಸ್ವಾಮಿಯ ಡ್ರಮ್ಮನ್ನು ಮನಸ್ಸಿನಲ್ಲೇ ಹಾಕಿಕೊಂಡು ಮಲಗುತ್ತಿದ್ದೆ. ಅದು ಕೆಲಸ ಮಾಡಿತು.

ಕಾಯುವ ಜಾಗದಲ್ಲಿ ಗದಗ ಕಡೆಯ ದಂಪತಿ ನಮ್ಮ ಪಕ್ಕ ಕೂರುತ್ತಿದ್ದರು. ಗಂಡನ ಕೊರಳಿಗೆ ಬಿಳಿ ಬಟ್ಟೆ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಹಿಂದೆ ಏನು ಕೆಲಸ ಎಂದು ಗಿರಿಜಾ ಕೇಳಿದಳು. ಸಂತೆಯಲ್ಲಿ ಕುರಿ ಹರಾಜು ಕೂಗುತ್ತಿದ್ದರು ಎಂದು ಆ ತಾಯಿ ಹೇಳಿದರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ನನ್ನ ಭಯವೆಲ್ಲ ಅಲ್ಲಿ ಮನುಷ್ಯನ ಆಕಾರದಲ್ಲಿ ಕೂತಿತ್ತು. ಸಾವಿಗಿಂತ ಹೆಚ್ಚಾಗಿ ನಾನು ಹೆದರಿದ್ದು ಅದಕ್ಕೇ. ಆ ಮನುಷ್ಯ ಮಾತ್ರ ನನ್ನ ತೊಡೆ ತಟ್ಟಿ, ಚಹಾದ ಕಪ್ಪು ನನ್ನ ಕಡೆ ಸರಿಸಿ ನಕ್ಕ. ನಾನು ಬಿಸಿ ಚಹಾ ಕುಡಿಯುವಂತಿರಲಿಲ್ಲ. ಆದರೂ ಕಪ್ಪು ಕೈಯಲ್ಲಿ ಹಿಡಿದುಕೊಂಡು ಕೂತೆ.

ದಿನ ಕಳೆದಂತೆ ಕೊರಳ ಚರ್ಮ ಕಪ್ಪಾಯಿತು. ಉಗುಳು ನುಂಗಿದರೆ ಗಾಜು ನುಂಗಿದ ಹಾಗೆ. ಮಾತು ಪೂರ್ತಿ ಬಂದ್. ಜೀವನದಲ್ಲಿ ಮೊದಲ ಸಲ ಗಿರಿಜಾ ಒಂದು ವಾಕ್ಯವನ್ನು ಶುರು ಮಾಡಿ ಮುಗಿಸುವವರೆಗೂ ನಾನು ಬಾಯಿ ಹಾಕಲಿಲ್ಲ. "ಇಷ್ಟ್ ಚಲೋ ಕೇಳ್ತೀರಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ," ಎಂದು ರೇಗಿಸಿದಳು. ಆಮೇಲೆ ಅವಳೇ ಅಳಲು ಶುರುಮಾಡಿದಳು. ನನಗೆ ಸಮಾಧಾನ ಹೇಳಲೂ ಧ್ವನಿ ಇರಲಿಲ್ಲ. ಬೆನ್ನು ಸವರಿದೆ.

ಖಾಜಾ ಭಾನುವಾರ ಭಾನುವಾರ ಕಂಪ್ಲಿಯ ತನ್ನ ಆಂಪ್ಲಿಫೈಯರ್ ರಿಪೇರಿ ಅಂಗಡಿ ಮುಚ್ಚಿ ಬಸ್ ಹಿಡಿದು ಬರುತ್ತಿದ್ದ. ಬಂದು ನನ್ನೆದುರು ಸುಮ್ಮನೆ ಕೂರುವನು. ಮಾತಾಡಲು ಬಾರದವನೊಡನೆ ಏನು ಮಾತು? ಒಂದು ಭಾನುವಾರ ನಾನು ಅವನ ಕೈ ಹಿಡಿದು, ಎಡಗೈಯ ಬೆರಳ ತುದಿಯ ಗಟ್ಟಿ ಗಂಟುಗಳನ್ನು ಸವರಿದೆ. ನಾನು ಕ್ಷಮಿಸಿದ್ದು ಹಾಗೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಕೆಳಗೆ ಹೋಗಿ ನನಗೆ ಎಳನೀರು ತಂದ.

ಚಿಕಿತ್ಸೆ ಮುಗಿದು ಊರಿಗೆ ಬಂದ ಮೇಲೆ ಧ್ವನಿ ಒಂದೊಂದೇ ಹೆಜ್ಜೆ ವಾಪಸ್ಸು ಬಂತು. ಮೊದಲು ಪಿಸುಮಾತು, ಆಮೇಲೆ ಕೆರೆತ, ಆಮೇಲೆ ನನ್ನದೇ ಎನ್ನಬಹುದಾದ ಏನೋ ಒಂದು. ಹಾಡಬಹುದೇ ಎಂದು ಡಾಕ್ಟರನ್ನು ಕೇಳಿದೆ. ಮಿತವಾಗಿ ಹಾಡಬಹುದು, ದಣಿದರೆ ತಕ್ಷಣ ನಿಲ್ಲಿಸಬೇಕು ಎಂದರು. ಹೇಳುವುದು ಸುಲಭ. ದಣಿವು ಯಾವುದು, ರೋಗ ಯಾವುದು ಎಂದು ನನಗೆ ಹೇಗೆ ತಿಳಿಯಬೇಕು? ಬೆಳಿಗ್ಗೆ ಎದ್ದ ಕೂಡಲೇ ಒಂದು ಸ್ವರ ಹಿಡಿದು ನೋಡುವುದು, ಸ್ವಲ್ಪ ಒಡೆದರೆ ಇಡೀ ದಿನ ನರಳುವುದು ನನಗೆ ಚಟವಾಗಿಬಿಟ್ಟಿತು.

ಮನೆಯಲ್ಲಿ ಪಂಚಾಯಿತಿ ನಡೆಯಿತು. ಇನ್ನು ಸ್ಟೇಜು ಸಾಕು ಎನ್ನುವುದು ಅತ್ತೆಯವರ ವಾದ. ತಿಪ್ಪೇಸ್ವಾಮಿಗೂ ಒಳಗೆ ಹಾಗೇ ಇತ್ತು, ಅವನಿಗೆ ಬೆನ್ನುನೋವು. ನನಗೆ ಒಂದು ಮಾತು ಅರ್ಥವಾಗುವುದಿಲ್ಲ. ಎಂಬತ್ತು ವರ್ಷದ ಭಜನೆಯವರನ್ನು ಯಾರೂ ಸಾಕು ಮಾಡಿ ಎನ್ನುವುದಿಲ್ಲ, ಅವರ ನಡುಗುವ ಧ್ವನಿಗೆ ಕೈ ಮುಗಿಯುತ್ತಾರೆ. ನಾವು ಕೂಗುವ ಹಾಡಿನವರು ಮಾತ್ರ ಯಾವಾಗಲೂ ಇಪ್ಪತ್ತೈದರಲ್ಲೇ ಇರಬೇಕು, ಇಲ್ಲವೇ ಮನೆಗೆ ಹೋಗಬೇಕು. ಇದನ್ನೆಲ್ಲ ನಾನು ಬಿರುಸಾಗಿ ವಾದಿಸಿದೆ. ಆದರೆ ಒಳಗೆ ಇನ್ನೊಂದು ಭಯವಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಮೊದಲು ನಾನು ಕೆಟ್ಟಾಗ ಯಾರೂ ನನಗೆ ಹೇಳಲಿಲ್ಲ. ಈಗ ಚೆನ್ನಾಗಿ ಹಾಡುತ್ತೀ ಎಂದು ಅವರು ಹೇಳಿದರೆ ನಾನು ಹೇಗೆ ನಂಬಲಿ? ಈಗಂತೂ ಕಾಯಿಲೆಯವನು ಎಂಬ ಕನಿಕರ ಬೇರೆ ಸೇರಿದೆ. ಗಿರಿಜಾ ಕೊನೆಗೆ ಒಂದು ತೀರ್ಮಾನ ಹೇಳಿದಳು: ಮೂರು ಹಾಡು, ಅದಕ್ಕಿಂತ ಒಂದು ಸಾಲೂ ಹೆಚ್ಚಿಲ್ಲ.

ಕಂಪ್ಲಿಯ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಂಡೆವು. ಹಗಲು ಹೊತ್ತು, ಪರಿಚಯದ ಜನವೇ ಹೆಚ್ಚು. ತಂತಿ ಬಿಗಿಯುವ ಮೊದಲು ಖಾಜಾ ನಮ್ಮ ಹಳೆಯ ಕಟ್ಟಳೆ ಮುರಿದು, ಎಲ್ಲರೆದುರೇ ಎಷ್ಟು ಇಳಿಸಲಿ ಎಂದು ನನ್ನನ್ನು ಕೇಳಿದ. ಬಾಯಲ್ಲಿ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಮೂರು ಹಾಡೂ ಆದವು. ಮೂರನೆಯದು ಮುಗಿದಾಗ ಜನ ಎದ್ದು ನಿಂತು ಒನ್ಸ್ ಮೋರ್ ಎಂದರು. ಆ ಕೂಗಿಗೆ ನನ್ನ ಬುದ್ಧಿ ಕೆಟ್ಟಿತು. ಗಿರಿಜಾ ಬೇಡ ಎಂದು ಕೈ ಆಡಿಸುತ್ತಿದ್ದುದು ಕಂಡಿತು. ಕಾಣದವನ ಹಾಗೆ ನಾನು ನಾಲ್ಕನೆಯದನ್ನು ಎತ್ತಿಕೊಂಡೆ, ತಿಪ್ಪೇಸ್ವಾಮಿ, ಖಾಜಾ ಬೇರೆ ದಾರಿಯಿಲ್ಲದೆ ಜೊತೆಗೂಡಿದರು.

ಎರಡನೆಯ ಸಾಲಿಗೆ ಧ್ವನಿ ಒಡೆಯಿತು. ಆದರೂ ಎಳೆದೆ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು, ಪಾಪ, ನನ್ನನ್ನು ಎತ್ತಿ ಹಿಡಿಯಲು. ಆಗ ಖಾಜಾ ತಂತಿಗಳ ಮೇಲೆ ಅಂಗೈ ಇಟ್ಟು ಗಿಟಾರು ನಿಲ್ಲಿಸಿದ. ಡ್ರಮ್ಮೂ ನಿಂತಿತು.

"ಸಾಕ್ ಬಸು," ಎಂದ ಖಾಜಾ. ಮೈಕಿಗೆ ಕೇಳಿಸುವಷ್ಟು ಹತ್ತಿರ ಬಂದು ಹೇಳಿದ. "ಗಂಟಲ ಒಡದೈತಿ. ಇಳಿ."

ಮುಖಕ್ಕೆ ಹೊಡೆದ ಹಾಗಾಯಿತು. ನಾನು ಇಳಿದೆ. ಇಳಿಯುವಾಗ ಯಾರು ಏನು ಅಂದರೋ ಕಿವಿಗೆ ಬೀಳಲಿಲ್ಲ, ತಲೆಯಲ್ಲಿ ಒಂದೇ ಮಾತು: ಮತ್ತೆ ಬಂತು, ಅದು ಮತ್ತೆ ಬಂತು. ಮರುದಿನವೇ ಹುಬ್ಬಳ್ಳಿಗೆ ಹೊರಟೆವು, ಖಾಜಾನೂ ಜೊತೆಗೆ. ಬಸ್ಸಿನಲ್ಲಿ ನಾನು ಅವನಿಗೆ ಬೆನ್ನು ಮಾಡಿ ಕೂತೆ.

ಅಲ್ಲಿನ ಡಾಕ್ಟರು ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹೊಸಪೇಟೆಯ ಡಾಕ್ಟರ ಮುಖದ ಹಾಗೆ ಅದು ಬದಲಾಗಲಿಲ್ಲ. ಗೆಡ್ಡೆ ಇಲ್ಲ, ಒತ್ತಡಕ್ಕೆ ಊದಿದೆ ಅಷ್ಟೇ, ಇನ್ನೂ ಎಳೆದಿದ್ದರೆ ತಂತು ಹರಿದು ಕೂರುತ್ತಿತ್ತು ಎಂದರು. ನಿಲ್ಲಿಸಿದ್ದು ಖಾಜಾನ ಅಂಗೈ.

ಹೊರಗೆ ಬೆಂಚಿನ ಮೇಲೆ ಗಿರಿಜಾ, ಖಾಜಾ ಇಬ್ಬರೂ ಎದ್ದು ನಿಂತರು. ಏನೂ ಇಲ್ಲವಂತೆ ಎಂದು ಕೈಸನ್ನೆ ಮಾಡಿದೆ. ಗಿರಿಜಾ ಕುಸಿದು ಕೂತಳು. ನಾನೂ ಅವರಿಬ್ಬರ ನಡುವೆ ಕೂತೆ. ನಂತರ, ಇಷ್ಟು ವರ್ಷ ಹಾಡಿಕೊಂಡು ಬಂದವನು ಒಮ್ಮೆಯೂ ನಿಜವಾಗಿ ಕೇಳದಿದ್ದ ಪ್ರಶ್ನೆಯನ್ನು ಪಿಸುಧ್ವನಿಯಲ್ಲಿ ಕೇಳಿದೆ, ಕಂಪ್ಲಿಯಲ್ಲಿ ನಾನು ಹೇಗೆ ಹಾಡಿದೆ ಎಂದು.

ಗಿರಿಜಾ ಖಾಜಾನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮೊದಲನೇದು ಚಲೋ ಇತ್ತು," ಎಂದಳು. "ಎರಡನೇದು ಹಂಗ ಹಿಂಗ. ಮೂರನೇದು ನೀವು ಹಾಡಬಾರದಿತ್ತು. ನಾಕನೇದು ಕೇಳಾಕ ಆಗಲಿಲ್ರಿ."

ಖಾಜಾ ಹೌದೆಂದು ತಲೆಯಾಡಿಸಿದ. ಮುಂದಿನ ಸಲ ಒಂದೇ ಹಾಡು ಎಂದೆ. ಆ ಮಧ್ಯಾಹ್ನ ಬಸ್ಸಿನಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು.